ಅಮೆರಿಕದಲ್ಲಿ ಮನೆ ಬದಲಿಸಿದಿರಾ? ಎಆರ್-11 ಫಾರ್ಮ್ ಒಬ್ಬೊಬ್ಬರದ್ದೂ ಬೇರೆ ಬೇರೆ: ಮೊದಲಿನಿಂದ ಕೊನೆತನಕ

ನಮ್ಮ ಕಡೆಯ ಮನೆಗಳಲ್ಲಿ ಈ ಕೆಲಸ ಪ್ರತಿ ಸಲ ಒಂದೇ ಜಾಗದಲ್ಲಿ ತಪ್ಪುತ್ತದೆ. ಮಗನೋ ಮಗಳೋ ಅಲ್ಲಿ ಮನೆ ಬದಲಿಸುತ್ತಾರೆ. ಕರೆಂಟು, ಇಂಟರ್ನೆಟ್ಟು, ಮಕ್ಕಳ ಸ್ಕೂಲು ಎಲ್ಲ ನೆನಪಿರುತ್ತದೆ. ಪೋಸ್ಟಾಫೀಸಿಗೂ ಹೊಸ ವಿಳಾಸ ಕೊಟ್ಟಿರುತ್ತಾರೆ. ಇಮಿಗ್ರೇಶನ್ ಇಲಾಖೆಗೆ ಎಆರ್-11 ಅನ್ನುವ ವಿಳಾಸ ಬದಲಾವಣೆ ಫಾರ್ಮಿನಲ್ಲಿ ತಮ್ಮದೊಂದನ್ನು ಹೇಳಿ, ಹೆಂಡತಿಯದು, ಮಗುವಿನದು, ಗ್ರೀನ್ ಕಾರ್ಡ್ ಇರುವ ಅಪ್ಪ ಅಮ್ಮನದು ಬಿಟ್ಟುಬಿಡುತ್ತಾರೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ನನ್ನ ಮತ್ತು ನಮ್ಮ ಯಜಮಾನರ ಗ್ರೀನ್ ಕಾರ್ಡ್ ರಿನ್ಯೂಗೆ ಹಾಕಿ, ಬೆರಳಚ್ಚು ಕೊಟ್ಟು, ನಾವು ಬೆಂಗಳೂರಿಗೆ ಬಂದೆವು. ಆಮೇಲೆ ಮಗಳು ಡಲ್ಲಾಸ್ ಹತ್ತಿರ ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಹೋದಳು. ಅಳಿಯ ತನ್ನ ಎಆರ್-11 ಅನ್ನು ಎರಡನೇ ದಿನವೇ ತುಂಬಿದ್ದ. ನಮ್ಮಿಬ್ಬರದ್ದು ಯಾರಿಗೂ ಹೊಳೆಯಲಿಲ್ಲ. ಕಾರ್ಡುಗಳು ಹಳೇ ವಿಳಾಸಕ್ಕೆ ಹೋಗಿ ವಾಪಸ್ ಹೋದವು. ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿ, "ಅಮ್ಮಾ, ಸ್ಟೇಟಸ್‌ನಲ್ಲಿ ರಿಟರ್ನ್ಡ್ ಅಂತ ಬಂದಿದೆ" ಅಂದಳು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಕೂತೆ. ಅವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದು ಇನ್ನೊಂದು ಮನೆಯಲ್ಲಿ ಆಗಬಾರದು.

## 1. ಮೊದಲು ಮನೆಮಂದಿಯ ಪಟ್ಟಿ ಮಾಡಿ

ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಆ ಮನೆಯ ವಿಳಾಸ ಬಳಸುವ ಎಲ್ಲರ ಹೆಸರು ಬರೆಯಿರಿ. ಸದ್ಯಕ್ಕೆ ಬೆಂಗಳೂರಲ್ಲಿ ಇರುವವರನ್ನೂ ಸೇರಿಸಿ.

ಅಮೆರಿಕದ ಸಿಟಿಜನ್ ಆದವರಿಗೆ ಎಆರ್-11 ಬೇಡ. ಅಲ್ಲೇ ಹುಟ್ಟಿದ ಮಗುವಿಗೂ ಬೇಡ. ರಾಜತಾಂತ್ರಿಕರ ಎ ವೀಸಾ, ಅಂತಾರಾಷ್ಟ್ರೀಯ ಸಂಸ್ಥೆಗಳ ಜಿ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಉಳಿದಂತೆ ಕೆಲಸದ ವೀಸಾಗಳಾದ ಎಚ್-1ಬಿ, ಎಲ್-1, ಎಚ್-1ಬಿಯವರ ಹೆಂಡತಿ ಅಥವಾ ಗಂಡ, ಮಕ್ಕಳ ಎಚ್-4, ಗ್ರೀನ್ ಕಾರ್ಡ್ ಎಲ್ಲರೂ ಮಾಡಬೇಕು. ಇಲ್ಲಿ ಹುಟ್ಟಿ ಎಚ್-4ನಲ್ಲಿ ಹೋದ ಮೂರು ವರ್ಷದ ಕೂಸಿಗೂ ಬೇಕು, ಅದರ ಪರವಾಗಿ ತಂದೆತಾಯಿ ತುಂಬುತ್ತಾರೆ. ಬಾಣಂತನಕ್ಕೆ ಅಂತ ಬಿ-2 ಪ್ರವಾಸಿ ವೀಸಾದಲ್ಲಿ ಹೋಗಿ ತಿಂಗಳುಗಟ್ಟಲೆ ಇರುವ ಅಜ್ಜಿ ತಾತ ಅಲ್ಲಿರುವಾಗಲೇ ಮನೆ ಬದಲಾದರೆ, ಅವರದ್ದನ್ನೂ ಮಾಡಿ.

ಗಡುವು 10 ದಿನ. ಹೊಸ ಮನೆಗೆ ಹೋದ ದಿನದಿಂದ ಲೆಕ್ಕ. ಬಾಡಿಗೆ ಕರಾರಿಗೆ ಸಹಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಈ 10 ದಿನದ ನಿಯಮ ಅಮೆರಿಕದ ಒಳಗೆ ಇರುವವರಿಗೆ. ಹಾಗಂತ ಬೆಂಗಳೂರಲ್ಲಿರುವ ಅಪ್ಪ ಅಮ್ಮ ಸುಮ್ನೆ ಕೂರುವ ಹಾಗಿಲ್ಲ. ಅವರ ಯಾವುದಾದರೂ ಅರ್ಜಿ ಬಾಕಿ ಇದ್ದರೆ ಕಾಗದ, ಕಾರ್ಡು ಹಳೇ ಮನೆಗೇ ಹೋಗುತ್ತಿರುತ್ತವೆ. ಅವರ ವಿಳಾಸವನ್ನು ಇಲ್ಲಿಂದಲೇ ಬದಲಿಸಿ. ಅರ್ಜಿ ಏನೂ ಇಲ್ಲದಿದ್ದರೆ ವಾಪಸ್ ಅಲ್ಲಿಗೆ ಹೋದ ಕೂಡಲೇ, 10 ದಿನದ ಒಳಗೆ ಮಾಡಿ.

ಇನ್ನೊಂದು ಮಾತು. ಈ ಕೆಲಸಕ್ಕೆ ಯಾವ ಕಾನ್ಸುಲೇಟಿಗೂ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಮೇಲೆ, ಅಲ್ಲಿ ಹೋಗಿ ಕೇಳೋಣ ಅಂತ ಹೊರಟವರನ್ನು ನೋಡಿದ್ದೇನೆ. ಇದು ಯುಎಸ್‌ಸಿಐಎಸ್, ಅಂದರೆ ಅಮೆರಿಕದ ಇಮಿಗ್ರೇಶನ್ ಇಲಾಖೆಯ ಕೆಲಸ, ಅವರ ವೆಬ್‌ಸೈಟಿನಲ್ಲೇ ಮುಗಿಯುತ್ತದೆ.

## 2. ಇವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ

ಒಬ್ಬೊಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಕವರ್ ಮಾಡಿ. ಅದರಲ್ಲಿ ಇರಬೇಕಾದ್ದು: ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಇದ್ದರೆ ಅದರ ಎರಡೂ ಬದಿಯ ಪ್ರತಿ, ವೀಸಾದವರಾದರೆ ದೇಶದ ಒಳಗೆ ಬಂದ ದಾಖಲೆಯಾದ ಐ-94ರ ಪ್ರತಿ, ಮತ್ತು ಬಾಕಿ ಇರುವ ಪ್ರತಿ ಅರ್ಜಿಯ ಐ-797 ರಸೀದಿ.

ಏ ನಂಬರ್, ಅಂದರೆ ಇಲಾಖೆ ಒಬ್ಬೊಬ್ಬರಿಗೂ ಕೊಡುವ ಗುರುತಿನ ನಂಬರ್, ಗ್ರೀನ್ ಕಾರ್ಡಿನ ಮುಂಬದಿಯಲ್ಲೇ ಇರುತ್ತದೆ, ಅಲ್ಲಿ ಅದನ್ನು ಯುಎಸ್‌ಸಿಐಎಸ್ ನಂಬರ್ ಅಂತ ಬರೆದಿರುತ್ತಾರೆ. ರಸೀದಿ ನಂಬರ್ ಅಂದರೆ 3 ಅಕ್ಷರ, ಆಮೇಲೆ 10 ಅಂಕಿ. ಆನ್‌ಲೈನಲ್ಲಿ ಹಾಕಿದ್ದಕ್ಕೆ ಐಒಇ ಅಂತ ಶುರುವಾಗುತ್ತದೆ. ಇಲ್ಲಿ ಇಂಗ್ಲಿಷ್ ಅಕ್ಷರ ಓ ಮತ್ತು ಸೊನ್ನೆ ಅದಲುಬದಲಾಗುವುದು ಜಾಸ್ತಿ. ನೆನಪಿನಿಂದ ಹೊಡೆಯಬೇಡಿ, ಕಾಗದ ನೋಡಿ ಹೊಡೆಯಿರಿ.

ಜೊತೆಗೆ ಹಳೇ ವಿಳಾಸ ಪೂರ್ತಿಯಾಗಿ ಬೇಕು. ಅಪಾರ್ಟ್‌ಮೆಂಟ್ ನಂಬರ್ ಸಮೇತ. ಮನೆ ಬಿಟ್ಟ ಮೇಲೆ ಇದು ಮರೆತೇಹೋಗುತ್ತದೆ.

## 3. ಅಕೌಂಟ್ ಮತ್ತು ಒಟಿಪಿ

ಯುಎಸ್‌ಸಿಐಎಸ್ ವೆಬ್‌ಸೈಟಿನ ವಿಳಾಸ ಡಾಟ್ ಗವ್ ಅಂತ ಮುಗಿಯಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಜಾಹೀರಾತಾಗಿ ಬರುವ ಕೆಲವು ಸೈಟುಗಳು ಎಆರ್-11 ತುಂಬಿಕೊಡುತ್ತೇವೆ ಅಂತ ದುಡ್ಡು ಕೇಳುತ್ತವೆ. ಎಆರ್-11ಕ್ಕೆ ಶುಲ್ಕ ಇಲ್ಲ. ಒಂದು ಡಾಲರ್ ಕೇಳಿದರೂ ನೀವು ತಪ್ಪು ಜಾಗದಲ್ಲಿದ್ದೀರಿ.

ಪ್ರತಿಯೊಬ್ಬರಿಗೂ ಅವರದ್ದೇ ಇಮೇಲ್‌ನಲ್ಲಿ ಅಕೌಂಟ್ ಮಾಡಿ. ಅಪ್ಪನದ್ದು, ಅಮ್ಮನದ್ದು, ತನ್ನದು ಎಲ್ಲ ಒಂದೇ ಇಮೇಲ್‌ಗೆ ಅಂಟಿಸಲು ಹೋಗಿ ಮಕ್ಕಳು ಒದ್ದಾಡುತ್ತಾರೆ.

ಲಾಗಿನ್ ಆಗುವಾಗ ಪ್ರತಿ ಸಲ ಒಂದು ಕೋಡ್ ಕೇಳುತ್ತದೆ. ಬೆಂಗಳೂರಿನಿಂದ ಮಾಡುವವರಿಗೆ ಇದೇ ದೊಡ್ಡ ಅಡ್ಡಿ. ನನ್ನ ಅಕೌಂಟ್‌ಗೆ ಮಗಳು ತನ್ನ ಅಮೆರಿಕದ ಫೋನ್ ನಂಬರ್ ಕೊಟ್ಟಿದ್ದಳು. ನಾನು ಇಲ್ಲಿ ಮಧ್ಯಾಹ್ನ ಕೂತರೆ ಅವಳಿಗೆ ಅಲ್ಲಿ ನಡುರಾತ್ರಿ, ಕೋಡ್ ಅವಳ ಫೋನಿಗೆ ಹೋಗಿ, ಅವಳು ಎದ್ದು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಕೊನೆಗೆ ಬೆಳಿಗ್ಗೆ ಆರೂವರೆಗೆ ಕೂತೆವು. ಅಲ್ಲಿ ಬೇಸಿಗೆ, ಹಿಂದಿನ ರಾತ್ರಿ ಎಂಟು ಗಂಟೆ. ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಅವಳು ಕೋಡ್ ಓದಿದಳು, ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಡೆದೆ. ಒಳಗೆ ಹೋದ ಮೇಲೆ ಮೊದಲು ಮಾಡಿದ ಕೆಲಸ, ಕೋಡ್ ನನ್ನ ಇಮೇಲ್‌ಗೇ ಬರುವ ಹಾಗೆ ಬದಲಿಸಿದ್ದು. ನೀವೂ ಹಾಗೇ ಮಾಡಿ, ಇಲ್ಲಾ ಅಥೆಂಟಿಕೇಟರ್ ಆಪ್ ಹಾಕಿಕೊಳ್ಳಿ. ಅಕೌಂಟ್ ತೆರೆದಾಗ ಕೊಡುವ ಬ್ಯಾಕಪ್ ಕೋಡ್ ಅನ್ನು ಪಾಸ್‌ಪೋರ್ಟ್ ಕವರಿನಲ್ಲಿ ಬರೆದಿಡಿ.

## 4. ಹೊಸ ವಿಳಾಸವನ್ನು ಪೋಸ್ಟಾಫೀಸಿನವರ ರೀತಿಯಲ್ಲಿ ಬರೆಯಿರಿ

ಫಾರ್ಮಿಗೆ ಹೋಗುವ ಮುಂಚೆ ಅಮೆರಿಕದ ಪೋಸ್ಟಲ್ ಸರ್ವಿಸ್ ವೆಬ್‌ಸೈಟಿನ ಜಿಪ್ ಕೋಡ್ ಹುಡುಕುವ ಪುಟದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಅಲ್ಲಿ ಹೇಗೆ ತೋರಿಸುತ್ತದೋ ಹಾಗೇ ನಕಲು ಮಾಡಿಕೊಳ್ಳಿ. ನಮ್ಮಲ್ಲಿ "ಗಣೇಶನ ಗುಡಿ ಎದುರು, ಎರಡನೇ ಅಡ್ಡರಸ್ತೆ" ಅಂದರೂ ಪೋಸ್ಟ್ ಬರುತ್ತದೆ. ಅಲ್ಲಿ ಅಪಾರ್ಟ್‌ಮೆಂಟ್ ನಂಬರ್ ಒಂದು ಬಿಟ್ಟರೆ ಕಾರ್ಡು ಕೈತಪ್ಪಬಹುದು.

ಹೊಸ ಲೇಔಟ್‌ನಲ್ಲಿ ಮನೆ ಕಟ್ಟಿಸಿಕೊಂಡವರಿಗೆ ಇಲ್ಲಿ ಒಂದು ತೊಂದರೆ ಬರುತ್ತದೆ. ಆ ಬೀದಿ ಪೋಸ್ಟಾಫೀಸಿನ ಪಟ್ಟಿಗೆ ಇನ್ನೂ ಸೇರಿರುವುದಿಲ್ಲ. ಆಗ ಮೊದಲು ಅಲ್ಲಿನ ಪೋಸ್ಟಾಫೀಸಿಗೆ ಹೋಗಿ ವಿಳಾಸ ಸೇರಿಸಲು ಹೇಳಿ. ಬೀದಿಗೆಲ್ಲ ಸೇರಿ ಒಂದೇ ಕಡೆ ಇರುವ ಡಬ್ಬಿಗಳ ಕೀಲಿಯನ್ನೂ ಆಗಲೇ ಕೇಳಿ ತೆಗೆದುಕೊಳ್ಳಿ.

ಫಾರ್ಮಿನಲ್ಲಿ ಎರಡು ವಿಳಾಸಕ್ಕೆ ಜಾಗ ಇರುತ್ತದೆ. ಒಂದು ವಾಸದ ವಿಳಾಸ, ಇನ್ನೊಂದು ಪೋಸ್ಟ್ ಬರಬೇಕಾದ ವಿಳಾಸ. ವಾಸದ ವಿಳಾಸಕ್ಕೆ ಪೋಸ್ಟ್ ಬಾಕ್ಸ್ ನಂಬರ್ ಹಾಕಬೇಡಿ, ನಿಜವಾಗಿ ಇರುವ ಮನೆಯನ್ನೇ ಹಾಕಿ. ಕಂಪನಿ ಕೊಟ್ಟ ಮನೆಯಲ್ಲಿ ತಾತ್ಕಾಲಿಕವಾಗಿ ಎರಡು ತಿಂಗಳು ಇದ್ದೀರಿ, ಆಮೇಲೆ ಮತ್ತೆ ಹೋಗುತ್ತೀರಿ ಅಂದರೆ ವಾಸಕ್ಕೆ ಅದನ್ನೇ ಕೊಟ್ಟು, ಪೋಸ್ಟಿಗೆ ನಂಬಿಕೆಯ ನೆಂಟರ ವಿಳಾಸ ಕೊಡಿ. ಕೇರ್ ಆಫ್ ಅನ್ನುವ ಜಾಗದಲ್ಲಿ ಅವರ ಹೆಸರು ಬರೆಯಿರಿ. ಎರಡು ತಿಂಗಳ ಮೇಲೆ ಮತ್ತೆ ಹೋದಾಗ ಮತ್ತೆ ಎಆರ್-11.

ಗ್ರೀನ್ ಕಾರ್ಡ್ ಇರುವ ಹಿರಿಯರು ವಾಸದ ವಿಳಾಸದ ಜಾಗದಲ್ಲಿ ಬಸವನಗುಡಿಯದ್ದೋ ಮಲ್ಲೇಶ್ವರದ್ದೋ ಹಾಕಬೇಡಿ. ಅಲ್ಲಿ ಕೇಳುವುದು ಅಮೆರಿಕದ ಮನೆ.

## 5. ಫಾರ್ಮ್ ತುಂಬುವುದು

ಅಕೌಂಟ್ ಒಳಗೆ ಚೇಂಜ್ ಆಫ್ ಅಡ್ರೆಸ್ ಅನ್ನುವುದನ್ನು ಒತ್ತಿ. ನಿಜವಾದ ಕೆಲಸ ಹದಿನೈದು ನಿಮಿಷದ್ದು. ಅವಸರ ಮಾಡಬೇಡಿ.

ಹೆಸರು. ನಮ್ಮ ಕನ್ನಡದವರ ಹೆಸರು ಇಲ್ಲಿ ತುಂಬಾ ಕಾಡುತ್ತದೆ. ಇನಿಷಿಯಲ್ ಬಿಡಿಸಿ ಬರೆದದ್ದು, ಊರಿನ ಹೆಸರು ಸರ್‌ನೇಮ್ ಆದದ್ದು, ಸರ್‌ನೇಮ್ ಜಾಗ ಖಾಲಿ ಇದ್ದು ಮೊದಲ ಹೆಸರಿನ ಕಡೆ ಎಫ್ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದದ್ದು, ಎಲ್ಲ ಇದೆ. ಸರಿಯಾದ ಹೆಸರು ಯಾವುದು ಅಂತ ಯೋಚಿಸಬೇಡಿ. ಗ್ರೀನ್ ಕಾರ್ಡಿನಲ್ಲಿ ಅಥವಾ ಐ-797ರಲ್ಲಿ ಹೇಗಿದೆಯೋ ಹಾಗೇ ಹಾಕಿ. ಇಲಾಖೆ ಹುಡುಕುವುದು ಆ ಹೆಸರನ್ನೇ.

ತಾರೀಕು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಆಗಸ್ಟ್ 5ರಂದು ಹೋದವರು ನಮ್ಮ ರೂಢಿಯಂತೆ 05/08 ಹಾಕಿದರೆ ಮೇ 8 ಆಗುತ್ತದೆ. ಮೂರು ತಿಂಗಳು ತಡ ಮಾಡಿದ್ದೀರಿ ಅಂತ ನಿಮ್ಮ ಕೈಯಾರೆ ಬರೆದುಕೊಟ್ಟಂತೆ ಆಯಿತು ಅಲ್ವಾ?

ಬಾಕಿ ಇರುವ ಅರ್ಜಿಗಳು. ಜಾಸ್ತಿ ಜನ ಎಡವುವುದು ಇಲ್ಲಿ. ವಿಳಾಸ ಕೊಟ್ಟ ಮೇಲೆ ಎಲ್ಲ ಅರ್ಜಿಗೂ ತಾನಾಗಿ ಬದಲಾಗುತ್ತದೆ ಅಂತ ತಿಳಿಯುತ್ತಾರೆ. ಪ್ರತಿ ಅರ್ಜಿಯ ರಸೀದಿ ನಂಬರ್ ಅನ್ನೂ ಸೇರಿಸಬೇಕು. ಗ್ರೀನ್ ಕಾರ್ಡಿನ ಐ-485 ಒಂದು, ಕೆಲಸದ ಪರವಾನಗಿಯ ಐ-765 ಒಂದು, ಪ್ರಯಾಣದ ಐ-131 ಒಂದು, ಹೀಗೆ ಒಬ್ಬರದ್ದೇ ಮೂರು ನಂಬರ್ ಇರಬಹುದು. ಒಂದನ್ನು ಬಿಟ್ಟರೆ ಆ ಒಂದರ ಕಾಗದ ಹಳೇ ಮನೆಗೆ ಹೋಗುತ್ತದೆ.

ಎಲ್ಲ ಆದ ಮೇಲೆ ಹೆಸರು ಟೈಪ್ ಮಾಡಿದರೆ ಅದೇ ಸಹಿ. ಆಮೇಲೆ ಲಾಗೌಟ್ ಆಗಿ, ಮುಂದಿನವರ ಅಕೌಂಟ್‌ಗೆ ಹೋಗಿ. ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಬನ್ನಿ.

ಕಾಗದದ ಎಆರ್-11 ತುಂಬಿ ಪೋಸ್ಟ್ ಮಾಡುವ ದಾರಿಯೂ ಇದೆ. ನನಗೆ ಅದು ಕೊನೆಯ ದಾರಿ. ಕಾಗದದಲ್ಲಿ ಕಳಿಸಿದರೆ 10 ದಿನದ ನಿಯಮ ಪಾಲಿಸಿದಂತೆ ಆಗುತ್ತದೆ, ಬಾಕಿ ಅರ್ಜಿಗಳ ವಿಳಾಸ ತಾನಾಗಿ ಬದಲಾಗುವುದಿಲ್ಲ. ಕಳಿಸಲೇಬೇಕಾದರೆ ತಲುಪಿದ್ದಕ್ಕೆ ರಸೀದಿ ಬರುವ ಪೋಸ್ಟಿನಲ್ಲೇ ಕಳಿಸಿ.

ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಂಡು ವಿಶೇಷ ರಕ್ಷಣೆಯ ಅರ್ಜಿ ಹಾಕಿದ ಹೆಣ್ಣುಮಕ್ಕಳಿಗೆ ಕ್ರಮ ಬೇರೆ ಇದೆ. ಅವರ ವಿಳಾಸ ಗುಟ್ಟಾಗಿ ಉಳಿಯಬೇಕು. ದಯವಿಟ್ಟು ಮೊದಲು ನಿಮ್ಮ ವಕೀಲರ ಜೊತೆ ಮಾತಾಡಿ.

## 6. ದಾಖಲೆ ಉಳಿಸಿಕೊಳ್ಳಿ

ಕೊನೆಯ ಪುಟದಲ್ಲಿ ಬರುವ ದೃಢೀಕರಣವನ್ನು ಪಿಡಿಎಫ್ ಮಾಡಿ. ಹೆಸರು, ತಾರೀಕು ಹಾಕಿ ಇಟ್ಟುಕೊಳ್ಳಿ. ಇಮೇಲ್ ಬಂದರೆ ಅದನ್ನೂ ಉಳಿಸಿ. ಒಂದು ಪ್ರತಿ ಅಲ್ಲಿ, ಒಂದು ಪ್ರತಿ ಇಲ್ಲಿ. ಮುಂದೆ ಸಿಟಿಜನ್‌ಶಿಪ್‌ಗೆ ಹಾಕುವಾಗ ಹಿಂದಿನ ವರ್ಷಗಳ ವಿಳಾಸಗಳನ್ನೆಲ್ಲ ತಾರೀಕು ಸಮೇತ ಕೇಳುತ್ತಾರೆ, ಆಗ ಇದೇ ಕೈಹಿಡಿಯುತ್ತದೆ.

ಗ್ರೀನ್ ಕಾರ್ಡಿನ ಮೇಲೆ ವಿಳಾಸ ಇರುವುದೇ ಇಲ್ಲ. ಆದ್ದರಿಂದ ವಿಳಾಸ ಬದಲಾಯಿತು ಅಂತ ಹೊಸ ಕಾರ್ಡಿಗೆ ಐ-90 ಹಾಕಿ ನೂರಾರು ಡಾಲರ್ ಕಳೆಯಬೇಡಿ.

## 7. ಪೋಸ್ಟ್ ಡಬ್ಬಿಯ ಮೇಲೆ ಎಲ್ಲರ ಹೆಸರು

ಇದನ್ನು ಯಾರೂ ಹೇಳುವುದಿಲ್ಲ, ನಾನು ಒತ್ತಿ ಹೇಳುತ್ತೇನೆ. ಪೋಸ್ಟಾಫೀಸಿಗೆ ಕೊಟ್ಟ ಫಾರ್ವರ್ಡಿಂಗ್ ಅರ್ಜಿಯನ್ನು ನಂಬಿ ಕೂರಬೇಡಿ. ಬ್ಯಾಂಕಿನ ಕಾಗದ ಹೊಸ ಮನೆಗೆ ಬರುತ್ತದೆ. ಇಮಿಗ್ರೇಶನ್ ಕಾರ್ಡುಗಳನ್ನು ಮಾತ್ರ ಮುಂದಕ್ಕೆ ಕಳಿಸದೆ ಇಲಾಖೆಗೇ ವಾಪಸ್ ಕೊಡುತ್ತಾರೆ. ನಮ್ಮದು ಹೋದದ್ದು ಹೀಗೆಯೇ.

ಇನ್ನು ಹೆಸರಿನ ವಿಷಯ. ಮಗಳ ಸರ್‌ನೇಮ್ ಅವಳ ಗಂಡನದ್ದು, ನಮ್ಮ ಯಜಮಾನರದ್ದು ಅವರ ತಂದೆಯ ಹೆಸರು, ನನ್ನದು ಯಜಮಾನರ ಹೆಸರು. ಒಂದೇ ಮನೆ, ಮೂರು ಸರ್‌ನೇಮ್. ಪೋಸ್ಟ್ ತರುವವನಿಗೆ ನಾವೆಲ್ಲ ಒಂದೇ ಮನೆಯವರು ಅಂತ ಹೇಗೆ ಗೊತ್ತಾಗಬೇಕು? ಡಬ್ಬಿಯಲ್ಲಿ ಹೆಸರಿಲ್ಲದಿದ್ದರೆ ಇಲ್ಲಿ ಇವರಿಲ್ಲ ಅಂತ ವಾಪಸ್ ಹಾಕಬಹುದು. ಈಗ ಮಗಳು ಡಬ್ಬಿಯ ಒಳಬದಿಯಲ್ಲಿ ನಾಲ್ಕು ಜನರ ಪೂರ್ತಿ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ.

ಇನ್‌ಫಾರ್ಮ್ಡ್ ಡೆಲಿವರಿ ಅಂತ ಪೋಸ್ಟಾಫೀಸಿನವರ ಉಚಿತ ಸೇವೆ ಇದೆ. ಇವತ್ತು ಬರಲಿರುವ ಲಕೋಟೆಗಳ ಫೋಟೋ ಬೆಳಿಗ್ಗೆ ಇಮೇಲ್‌ಗೆ ಬರುತ್ತದೆ. ಹೊಸ ವಿಳಾಸಕ್ಕೆ ಅದನ್ನು ಹಾಕಿಸಿಕೊಳ್ಳಿ.

## 8. ಎಆರ್-11 ಒಂದೇ ಸಾಲದವರು

ಪ್ರಾಯೋಜಕರು. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವಾಗ ಮಗ ಅಥವಾ ಮಗಳು ಅವರ ಖರ್ಚಿನ ಹೊಣೆ ನನ್ನದು ಅನ್ನುವ ಐ-864ಕ್ಕೆ ಸಹಿ ಹಾಕಿರುತ್ತಾರೆ. ಆ ಹೊಣೆ ಇರುವ ತನಕ, ಸಹಿ ಹಾಕಿದವರು ಮನೆ ಬದಲಿಸಿದರೆ 30 ದಿನದ ಒಳಗೆ ಐ-865 ಅನ್ನುವ ಬೇರೆ ಫಾರ್ಮ್ ಕೊಡಬೇಕು. ಸಿಟಿಜನ್ ಆಗಿದ್ದರೂ ಕೊಡಬೇಕು. "ನಾನು ಸಿಟಿಜನ್, ನನಗೇನೂ ಇಲ್ಲ" ಅಂತ ನನ್ನ ಮಗಳು ಬಿಟ್ಟಿದ್ದು ಇದನ್ನೇ. ಕೊಡದಿದ್ದರೆ 250 ಡಾಲರಿನಿಂದ ಶುರುವಾಗುವ ದಂಡಕ್ಕೆ ಕಾನೂನಿನಲ್ಲಿ ಜಾಗ ಇದೆ.

ಎಚ್-1ಬಿಯಲ್ಲಿ ಮನೆಯಿಂದ ಕೆಲಸ ಮಾಡುವವರು. ಮನೆಯೇ ನಿಮ್ಮ ಕೆಲಸದ ಜಾಗ ಆಗಿದ್ದರೆ, ಮನೆ ಬದಲಾದರೆ ಕೆಲಸದ ಜಾಗವೂ ಬದಲಾದಂತೆ. ಡಲ್ಲಾಸಿನಿಂದ ಹ್ಯೂಸ್ಟನ್‌ಗೆ, ಅಂದರೆ ಬೇರೆ ಮಹಾನಗರ ಪ್ರದೇಶಕ್ಕೆ ಹೋದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು, ಅದೂ ನೀವು ಅಲ್ಲಿ ಕೆಲಸ ಶುರು ಮಾಡುವ ಮುಂಚೆ. 2015ರಿಂದ ಇದು ಖಚಿತವಾದ ನಿಯಮ. ಮನೆ ನೋಡಲು ಶುರು ಮಾಡಿದಾಗಲೇ ಎಚ್‌ಆರ್‌ಗೆ ಹೇಳಿ. ಎಆರ್-11 ತುಂಬಿದ್ದು ಇದಕ್ಕೆ ಬದಲಿ ಆಗುವುದಿಲ್ಲ.

ವಿದ್ಯಾರ್ಥಿಗಳು. ಎಫ್-1 ವಿದ್ಯಾರ್ಥಿ ವೀಸಾದ ಮಕ್ಕಳು 10 ದಿನದ ಒಳಗೆ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಡಿಎಸ್‌ಒಗೆ ಹೇಳಬೇಕು. ಸೆವಿಸ್ ಅನ್ನುವ ಸರ್ಕಾರದ ವಿದ್ಯಾರ್ಥಿ ದಾಖಲೆ ತಿದ್ದುವುದು ಅವರ ಕೆಲಸ. ಓದು ಮುಗಿಸಿ ಒಪಿಟಿ ಅನ್ನುವ ಕೆಲಸದ ಅನುಮತಿಯಲ್ಲಿ ಇರುವವರು ಅದಕ್ಕೇ ಇರುವ ಸೆವ್ಪ್ ಪೋರ್ಟಲ್‌ನಲ್ಲಿ ತಾವೇ ಬದಲಿಸಬಹುದು. ಒಪಿಟಿ ಕಾರ್ಡಿನ ಅರ್ಜಿ ಬಾಕಿ ಇದ್ದರೆ ಯುಎಸ್‌ಸಿಐಎಸ್‌ನಲ್ಲೂ ಬದಲಿಸಿ. ಎರಡೂ ಬೇರೆ ಬೇರೆ ಕಂಪ್ಯೂಟರ್ ವ್ಯವಸ್ಥೆ.

ಇನ್ನೂ ವೀಸಾಕ್ಕೆ ಕಾಯುತ್ತಿರುವ ಬೆಂಗಳೂರಿನವರು. ನಿಮ್ಮ ಕೇಸ್, ಸಂದರ್ಶನಕ್ಕೆ ಮುಂಚೆ ಕಾಗದಪತ್ರ ನೋಡುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗಿದ್ದರೆ, ನೀವು ರಾಜಾಜಿನಗರದಿಂದ ಕೆಂಗೇರಿಗೆ ಮನೆ ಬದಲಿಸಿದ್ದನ್ನು ಅವರಿಗೇ ಹೇಳಬೇಕು. ಎಆರ್-11 ನಿಮಗೆ ಸಂಬಂಧಿಸಿದ್ದಲ್ಲ.

ಇಮಿಗ್ರೇಶನ್ ಕೋರ್ಟಿನಲ್ಲಿ ಕೇಸ್ ಇರುವವರು. ನಿಮಗೆ ಗಡುವು 5 ಕೆಲಸದ ದಿನ ಮಾತ್ರ, ಫಾರ್ಮ್ ಇಒಐಆರ್-33. ಕೋರ್ಟಿನ ನೋಟಿಸ್ ಕೈಗೆ ಸಿಗದೆ ಹಾಜರಾಗದಿದ್ದರೆ ನೀವಿಲ್ಲದೆಯೇ ಗಡೀಪಾರಿನ ಆದೇಶ ಆಗಬಹುದು. ಇದನ್ನು ಒಂದು ದಿನವೂ ಮುಂದೂಡಬೇಡಿ.

## 9. ಎರಡು ವಾರ ಬಿಟ್ಟು ಮತ್ತೆ ನೋಡಿ

ಅಕೌಂಟ್‌ನಲ್ಲಿ ಪ್ರತಿ ಅರ್ಜಿಯನ್ನೂ ತೆರೆದು ಯಾವ ವಿಳಾಸ ಇದೆ ಅಂತ ನೋಡಿ. ಪ್ರೊಫೈಲ್‌ನಲ್ಲಿ ಹೊಸದು, ಅರ್ಜಿಯಲ್ಲಿ ಹಳೆಯದು ಇದ್ದರೆ ಕೆಲಸ ಅರ್ಧವೇ ಆಗಿದೆ. ಯುಎಸ್‌ಸಿಐಎಸ್ ಸಹಾಯವಾಣಿಗೆ ಫೋನ್ ಮಾಡಿ ಅಥವಾ ಚಾಟ್‌ನಲ್ಲಿ ಕೇಳಿ. ವಕೀಲರ ಮೂಲಕ ಹಾಕಿದ್ದರೆ ಅವರಿಗೂ ಒಂದು ಇಮೇಲ್ ಬರೆಯಿರಿ. ನೀವು ಬದಲಿಸಿದ್ದು ಅವರಿಗೆ ತಾನಾಗಿ ಗೊತ್ತಾಗುವುದಿಲ್ಲ.

## ಈ ಸೂಚನೆ ಕಂಡರೆ ತಕ್ಷಣ ಏಳಿ

ಸ್ಟೇಟಸ್‌ನಲ್ಲಿ ಕಾರ್ಡ್ ಮೇಲ್ಡ್ ಅಂತ ಬಂದು ಟ್ರ್ಯಾಕಿಂಗ್ ನಂಬರ್ ಇದ್ದರೆ, ಅದನ್ನು ದಿನಾ ನೋಡಿ. ಕಾರ್ಡು ಹಳೇ ಊರಿನ ಕಡೆ ಹೊರಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೇ ಅಪಾರ್ಟ್‌ಮೆಂಟಿನ ಆಫೀಸಿಗೆ, ಸಾಧ್ಯವಾದರೆ ಈಗ ಅಲ್ಲಿರುವವರಿಗೂ ಹೇಳಿಡಿ.

ರಿಟರ್ನ್ಡ್ ಅಂತ ಬಂದರೆ ಗಡಿಯಾರ ಓಡುತ್ತಿದೆ ಅಂತ ತಿಳಿಯಿರಿ. ವಾಪಸ್ ಬಂದ ಕಾರ್ಡನ್ನು, ಸರಿಯಾದ ವಿಳಾಸ ಹೇಳಿ ಯಾರೂ ಕೇಳದಿದ್ದರೆ, 60 ಕೆಲಸದ ದಿನಗಳ ನಂತರ ನಾಶ ಮಾಡುತ್ತಾರೆ. ಮೊದಲು ವಿಳಾಸ ಬದಲಿಸಿ, ಆಮೇಲೆ ಕಾರ್ಡ್ ತಲುಪಿಲ್ಲ ಅಂತ ಆನ್‌ಲೈನ್ ದೂರು ಹಾಕಿ. ಈ ಕ್ರಮ ತಪ್ಪಿದರೆ ಮತ್ತೆ ಹಳೇ ಮನೆಗೇ ಕಳಿಸುತ್ತಾರೆ. ನಾವು ಈ ಕ್ರಮದಲ್ಲೇ ಮಾಡಿದ್ದಕ್ಕೆ ಎರಡೂ ಕಾರ್ಡು ಮಗಳ ಹೊಸ ಮನೆಗೆ ಬಂದವು.

ಬೆರಳಚ್ಚಿಗೆ ಬರಬೇಕಾದ ಕಾಗದ ತಿಂಗಳುಗಟ್ಟಲೆ ಬರದಿದ್ದರೂ ಎಚ್ಚರ. ಅದು ಹಳೇ ಡಬ್ಬಿಯಲ್ಲಿ ಬಿದ್ದಿರಬಹುದು. ಕರೆದ ದಿನ ಹೋಗದಿದ್ದರೆ ಅರ್ಜಿಯನ್ನು ಕೈಬಿಟ್ಟಿದ್ದೀರಿ ಅಂತ ತಿರಸ್ಕರಿಸಬಹುದು.

## 10 ದಿನ ದಾಟಿಹೋಗಿದ್ದರೆ

ಇವತ್ತೇ ತುಂಬಿ. ಕಾನೂನಿನಲ್ಲಿ ದಂಡ, 30 ದಿನದವರೆಗೆ ಜೈಲು, ಗಡೀಪಾರಿಗೂ ಅವಕಾಶ ಬರೆದಿದ್ದಾರೆ, ಹಾಗಾಗಿ ಹಗುರವಾಗಿ ನೋಡಬೇಡಿ. ಆದರೆ ಬೇಕಂತಲೇ ಮಾಡಿದ್ದಲ್ಲ, ಅಥವಾ ತಡಕ್ಕೆ ಸರಿಯಾದ ಕಾರಣ ಇತ್ತು ಅಂತ ತೋರಿಸಿದವರನ್ನು ಗಡೀಪಾರು ಮಾಡುವಂತಿಲ್ಲ ಅಂತ ಅದೇ ಕಾನೂನು ಹೇಳುತ್ತದೆ. ತಾವಾಗಿ ಬಂದು ಹೇಳಿದವರ ಮಾತಿಗೆ ತೂಕ ಇರುತ್ತದೆ.

ಮನೆ ಬದಲಿಸಿದ ತಾರೀಕನ್ನು ಮಾತ್ರ ಮುಂದಕ್ಕೆ ತಳ್ಳಿ ಬರೆಯಬೇಡಿ. ಬಾಡಿಗೆ ಕರಾರು, ಕರೆಂಟ್ ಬಿಲ್, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ನಿಜವಾದ ತಾರೀಕು ಇದೆ. ತಡವಾದ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು, ಸಹಿ ಹಾಕಿ, ದೃಢೀಕರಣದ ಪಿಡಿಎಫ್ ಜೊತೆ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಕೋರ್ಟಿನ ಕೇಸ್ ಇದ್ದರೆ, ಅಥವಾ ಹಿಂದೆ ಹಲವು ಸಲ ಮನೆ ಬದಲಿಸಿ ಒಮ್ಮೆಯೂ ಹೇಳಿಲ್ಲದಿದ್ದರೆ, ಇಮಿಗ್ರೇಶನ್ ವಕೀಲರನ್ನು ಒಂದು ಗಂಟೆ ಭೇಟಿ ಮಾಡಿ, ಆಮೇಲೆ ಫಾರ್ಮ್ ಮುಟ್ಟಿ.